ಹಿಡಿದ ಮೀನನ್ನು ಬಿಡಬೇಕೆ?

ಗಾಳಕ್ಕೆ ಸಿಕ್ಕ ಮೀನನ್ನು ಮತ್ತೆ ನೀರಿಗೆ ಬಿಡುವುದು ಪುಣ್ಯದ ಕೆಲಸವೇ? ಅಥವಾ ತಿನ್ನುವ ಮನಸ್ಸೇ ಇಲ್ಲದವನು ಒಂದು ಜೀವದ ಬಾಯಿಗೆ ಕೊಕ್ಕೆ ಚುಚ್ಚಿದ್ದೇ ತಪ್ಪೇ? ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕೆರೆ ಏರಿಗಳ ಮೇಲೆ ಈ ಪ್ರಶ್ನೆ ಈಗ ಎರಡು ತಲೆಮಾರುಗಳ ನಡುವೆ ನಿಂತಿದೆ. ಒಂದು ಕಡೆ ಬಿದಿರ ಕೋಲು, ಬೆಂಡು, ಎರೆಹುಳುವಿನ ಡಬ್ಬಿ ಇಟ್ಟುಕೊಂಡು ಕೂತ ಹಿರಿಯರು, ಸಿಕ್ಕಿದ್ದೆಲ್ಲ ಸಾರಿಗೆ. ಇನ್ನೊಂದು ಕಡೆ ರಾಡು, ರೀಲು, ರಬ್ಬರ್ ಕಪ್ಪೆಯೊಂದಿಗೆ ಬರುವ ಐಟಿ ಕಂಪನಿಯ, ಬನಿಯನ್ ಕಾರ್ಖಾನೆಯ ಹುಡುಗರು. ಮೀನು ಸಿಕ್ಕರೆ ಒಂದು ಫೋಟೋ ತೆಗೆದು ಬಿಟ್ಟುಬಿಡುತ್ತಾರೆ. ಹಿರಿಯರ ಕಣ್ಣಿಗೆ ಇದು ಅನ್ನದ ಜೊತೆ ಆಟ. ಹುಡುಗರ ಕಣ್ಣಿಗೆ ಅದು ಕೆರೆ ಬರಿದು ಮಾಡುವ ಆಸೆಬುರುಕತನ. ನನ್ನ ವಾದ ಇಷ್ಟು: ಯಾವ ನೀರು, ಯಾವ ಮೀನು, ಯಾವ ಕಾಲ ಎಂದು ಕೇಳದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಎಲ್ಲವನ್ನೂ ಬಿಡುತ್ತೇನೆ ಎನ್ನುವವನೂ ಎಲ್ಲವನ್ನೂ ಒಯ್ಯುತ್ತೇನೆ ಎನ್ನುವವನೂ ಕೆರೆಗೆ ಸಮಸಮ ಕೇಡು ಮಾಡಬಲ್ಲರು.

ಮೊದಲು ಸಲಕರಣೆಯ ಮಾತು. ಎರೆ ಕಟ್ಟಿದ ಗಾಳದ ಕೆಲಸ ಮೂಗಿನದು, ರಬ್ಬರ್ ಕಪ್ಪೆಯಂಥ ಕೃತಕ ಎರೆಯಾದ ಲೂರಿನ ಕೆಲಸ ಕಣ್ಣಿನದು. ಮೈದಾ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ, ಕೈಗೆ ಅಂಟದಷ್ಟು ಗಟ್ಟಿಯಾಗಿ ನಾದಿ, ಕೊಕ್ಕೆಯ ಮೊನೆ ಮುಚ್ಚುವಂತೆ ಗೋಲಿ ಕಟ್ಟಿ ಬಿಟ್ಟರೆ ಅದರ ವಾಸನೆ ನೀರಿನಲ್ಲಿ ನಿಧಾನವಾಗಿ ಹರಡಿ ಗೆಂಡೆ, ರೋಹು, ಜಿಲೇಬಿಗಳನ್ನು ಕರೆತರುತ್ತದೆ. ಕಾವೇರಿಯ ದೊಡ್ಡ ಮಹಶೀರ್‌ಗಳನ್ನು ಹಿಡಿದವರು ಇದೇ ಉಪಾಯಕ್ಕೆ ರಾಗಿ ಹಿಟ್ಟನ್ನು ಬೇಯಿಸಿ ಮುದ್ದೆ ಕಟ್ಟುತ್ತಿದ್ದರು. ಲೂರಿಗೆ ವಾಸನೆ ಬೇಕಿಲ್ಲ. ಅಂತರಗಂಗೆಯ ಎಲೆಗಳ ಮೇಲೆ ಕುಪ್ಪಳಿಸುತ್ತ ಬರುವ ರಬ್ಬರ್ ಕಪ್ಪೆಯನ್ನು ಬೇಟೆ ಮೀನು ಕಂಡ ಕೂಡಲೇ ಎರಗುತ್ತದೆ. ಇಲ್ಲಿರುವ ವ್ಯತ್ಯಾಸ ಬರೀ ರುಚಿಯದಲ್ಲ. ಎರೆಯನ್ನು ಮೀನು ಆಹಾರವೆಂದೇ ನುಂಗುವುದರಿಂದ ಕೊಕ್ಕೆ ಗಂಟಲಿಗೆ, ಕಿವಿರಿನ ಬುಡಕ್ಕೆ ಇಳಿಯುವುದು ಹೆಚ್ಚು. ಲೂರಿನ ಕೊಕ್ಕೆ ಬಹುಮಟ್ಟಿಗೆ ತುಟಿಯಲ್ಲೇ ನಿಲ್ಲುತ್ತದೆ. ಗಂಟಲಲ್ಲಿ ಕೊಕ್ಕೆ ಸಿಕ್ಕಿದ ಮೀನನ್ನು ಎಳೆದು ಬಿಡಿಸಿ ನೀರಿಗೆ ಬಿಟ್ಟರೆ ಅದು ಕಣ್ಮುಂದೆ ಈಜಿ ಹೋಗಿ ಆಮೇಲೆ ಸಾಯುವ ಸಂಭವವೇ ಜಾಸ್ತಿ. ಹಾಗಾಗಿ ಬಿಡುವ ಉದ್ದೇಶದವನು ಎರೆಹುಳು ಹಾಕುವುದು, ತಿನ್ನುವವನನ್ನು ಲೂರಿನವನು ಕ್ರೂರಿ ಎನ್ನುವುದು, ಎರಡೂ ತಿಳಿಗೇಡಿತನ.

ಬಿಡುವ ಪದ್ಧತಿ ನಮ್ಮ ಭಾಗಕ್ಕೆ ಬಂದದ್ದು ಕಾವೇರಿಯ ದಾರಿಯಿಂದ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಶಿವನಸಮುದ್ರದ ಕೆಳಗೆ ಹೊಳೆಯ ಒಂದು ದಡ ಮೈಸೂರಿನದಾದರೆ ಇನ್ನೊಂದು ದಡ ಕೊಯಮತ್ತೂರಿನದು. ಆ ನೀರಿನ ಡುಬ್ಬದ ಮಹಶೀರ್ ಜಗತ್ತಿನ ಗಾಳಗಾರರನ್ನೆಲ್ಲ ಎಳೆತಂದಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇವತ್ತಿಗೂ ದಾಖಲೆ. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಪಾಲನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಭೀಮೇಶ್ವರಿ, ಗಾಳಿಬೋರೆ ಶಿಬಿರಗಳಲ್ಲಿ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಹೊಳೆಗೇ ಬಿಡುವ ನಿಯಮ ನಡೆಯಿತು. ತೋಟೆ ಸಿಡಿಸಿ ಮೀನು ಹಿಡಿಯುವವರಿಗೆ ಅದರಿಂದ ತಡೆ ಬಿತ್ತು, ಊರಿನ ಕೆಲವರಿಗೆ ಕೂಲಿ ಸಿಕ್ಕಿತು. ಇವನ್ನು ಯಾರೂ ಅಲ್ಲಗಳೆಯಲಾಗದು.

ಆದರೆ ಅಲ್ಲೇ ಒಂದು ದೊಡ್ಡ ಪಾಠವೂ ಇದೆ. ಹೊಳೆಯ ಮೀನು ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿತ್ತನೆ ಮಾಡಿದರು. ಗಾಳಕ್ಕೆ ಅದು ಸಿಕ್ಕಾಗಲೂ ಜೋಪಾನವಾಗಿ ಬಿಟ್ಟರು, ಡುಬ್ಬದ ಮೀನು ಸಿಕ್ಕಾಗಲೂ ಜೋಪಾನವಾಗಿ ಬಿಟ್ಟರು. ಗಾಳಿಬೋರೆಯ 1998ರಿಂದ 2012ರವರೆಗಿನ ಪುಸ್ತಕಗಳನ್ನು ಆಮೇಲೆ ವಿಜ್ಞಾನಿಗಳು ತೆರೆದು ಲೆಕ್ಕ ಹಾಕಿದಾಗ ಕಂಡದ್ದೇನು? ಸಿಗುವ ಮೀನಿನ ಸಂಖ್ಯೆ ಏರಿತ್ತು, ಆದರೆ ಡುಬ್ಬದ ಮಹಶೀರಿನ ಪಾಲು ಕುಸಿದಿತ್ತು. ಬಂದು ಸೇರಿದ ಮೀನು ಹೊಳೆಯನ್ನು ತುಂಬಿಕೊಂಡಿತ್ತು. ಆ ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಂದದ್ದೂ 2018ರಲ್ಲಿ, ಅಳಿವಿನ ಅಂಚಿಗೆ ಬಂದ ಮೇಲೆ. ಟೋರ್ ರೆಮಾದೇವಿ ಎಂಬ ಆ ಹೆಸರು ಮೊದಲು ಹುಟ್ಟಿದ್ದು ಚಿನ್ನಾರ್ ಕಾಡಿನ ಪಾಂಬಾರಿನಲ್ಲಿ ಸಿಕ್ಕ ಮೀನುಗಳಿಂದ. ಪಾಂಬಾರು ಹರಿದು ಸೇರುವುದು ತಿರುಪ್ಪೂರು ಜಿಲ್ಲೆಯ ಅಮರಾವತಿ ಜಲಾಶಯಕ್ಕೆ. ಬಿಡುವುದೊಂದೇ ಸಾಲದು, ಏನನ್ನು ಬಿಡುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಆ ಶಿಬಿರಗಳ ನಿಜವಾದ ಉಪಕಾರ ಬಿಟ್ಟ ಮೀನುಗಳಿಗಿಂತ ಬರೆದಿಟ್ಟ ಪುಸ್ತಕಗಳಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಅಮರಾವತಿ ಅಣೆಕಟ್ಟೆಯ ಕಥೆ ಇದಕ್ಕಿಂತ ಸ್ಪಷ್ಟ. ಉಡುಮಲೈಪೇಟೆಯಿಂದ ದಕ್ಷಿಣಕ್ಕೆ, ಆನೆಮಲೆಯ ಬುಡದಲ್ಲಿ, 1957ರಲ್ಲಿ ಕಟ್ಟಿದ ಜಲಾಶಯ, ಮೊಸಳೆಗಳಿಗೂ ಹೆಸರಾದದ್ದು. ಅಲ್ಲಿ ದಶಕಗಳಿಂದ ಬಲೆಗೆ ಬೀಳುವ ಮೀನುಗಳಲ್ಲಿ ಮೇಲುಗೈ ತಿಲಾಪಿಯಾದ್ದು. ತಮಿಳರೂ ನಾವೂ ಜಿಲೇಬಿ ಎಂದು ಕರೆಯುವ ಈ ಆಫ್ರಿಕಾದ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಹೆಣ್ಣು ಮೊಟ್ಟೆ-ಮರಿಗಳನ್ನು ಬಾಯೊಳಗೇ ಇಟ್ಟು ಸಾಕುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಹೀಗಾಗಿ ಬಿಟ್ಟಲ್ಲೆಲ್ಲ ಬೇರೂರಿತು. ಇಂಥ ಮೀನನ್ನು ಹಿಡಿದು, ಮುದ್ದಿಸಿ, ನೀರಿಗೆ ಬಿಡುವುದರಲ್ಲಿ ನನಗೆ ಯಾವ ಕರುಣೆಯೂ ಕಾಣುವುದಿಲ್ಲ. ಗಾಳದಿಂದ ಜಿಲೇಬಿಯ ಸಂತಾನ ಕಡಿಮೆಯಾದೀತು ಎಂದು ನಾನು ಹೇಳುತ್ತಿಲ್ಲ. ಬಲೆಗೇ ಆಗದ್ದು ಕೋಲಿಗೆ ಆಗುವುದಿಲ್ಲ. ಆದರೆ ಕೊಕ್ಕೆ ಚುಚ್ಚಿದ ಮೇಲೆ ಆ ನೋವಿಗೆ ಒಂದು ಅರ್ಥ ಬರಬೇಕಾದರೆ ಅದು ಅಡುಗೆಮನೆಯಲ್ಲೇ ಬರಬೇಕು. ಬಡವರ ಮನೆಯ ಅಗ್ಗದ ಮೀನು ಅದು, ಕಾರ ಹಚ್ಚಿ ಹುರಿದರೆ ಬಲು ರುಚಿ. ಒಯ್ದು ತಿನ್ನಲಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಜೀವಂತ ಸಾಗಿಸುವುದಂತೂ ಕೂಡದು. ಮನೆಯ ಅಕ್ವೇರಿಯಂನಲ್ಲಿ ದೊಡ್ಡದಾದ ಬೆಕ್ಕುಮೀನನ್ನು ಕೊಲ್ಲಲು ಮನಸ್ಸಿಲ್ಲದೆ ಕೆರೆಗೆ ಸುರಿಯುವವರಿಗೂ ಇದೇ ಮಾತು.

ತಿನ್ನಲಿ ಎನ್ನುವಾಗ ನೀರು ಯಾವುದು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಕೊಯಮತ್ತೂರಿನ ಪೆರಿಯಕುಳಂ, ವಾಲಾಂಕುಳಂ, ಸಿಂಗಾನಲ್ಲೂರು, ಸೂಲೂರು ಕೆರೆಗಳನ್ನು ಸಾಲಾಗಿ ತುಂಬಿಸಿಕೊಂಡು ಕೆಳಗೆ ಹೋಗುತ್ತದೆ. ಊರಿನ ಚರಂಡಿಯೂ ಅದೇ ಸಾಲಿಗೆ ಬಿದ್ದಿದೆ. ತಿರುಪ್ಪೂರು ದಾಟಿದ ಮೇಲೆ ಬಟ್ಟೆ ಬಣ್ಣದ ಕಾರ್ಖಾನೆಗಳ ನೀರು ಸೇರಿ, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟೆ ಬಣ್ಣದ ನೀರಿನ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ತ್ಯಾಜ್ಯ ನಿಲ್ಲಿಸದ ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು. ಇಂಥ ನೀರಿನ ಮೀನನ್ನು ಮಕ್ಕಳ ತಟ್ಟೆಗೆ ಹಾಕಲು ನಾನು ಯಾರಿಗೂ ಹೇಳಲಾರೆ. ತಿನ್ನಲಾಗದ ಮೀನಿಗೆ ಗಾಳವನ್ನೂ ಹಾಕಬಾರದು. ನೀರು ಕೆಟ್ಟಿದೆ, ಹೇಗೂ ಬಿಡುತ್ತೇನಲ್ಲ ಎನ್ನುವುದು ಸಮಾಧಾನದ ಮಾತು, ಕಾರಣವಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮೀನಿಗೆ ಬರುತ್ತೇನೆ. ತಮಿಳಿನಲ್ಲಿ ವಿರಾಲ್, ನಮ್ಮಲ್ಲಿ ಕೊರಮೀನು. ಹಾವಿನಂಥ ತಲೆ, ಮೈಮೇಲೆ ಪಟ್ಟೆ. ನೀರು ಕೆಟ್ಟರೂ ಬತ್ತಿದರೂ ಮೇಲೆ ಬಂದು ಗಾಳಿ ಕುಡಿದು ಬದುಕುವ ನಮ್ಮದೇ ಕೆರೆಯ ಮೀನು. ಲೂರಿನ ಹುಡುಗರು ಹೆಚ್ಚಾಗಿ ಹುಡುಕಿ ಬರುವುದು ಇದನ್ನೇ. ಮಳೆ ಬಿದ್ದು ಕೆರೆ ತುಂಬುವ ದಿನಗಳಲ್ಲಿ ಜೊಂಡಿನ ಅಂಚಿಗೆ ನಿಂತು ನೋಡಿದರೆ ನೀರಿನ ಮೇಲ್ಮೈಯಲ್ಲಿ ಅಂಗೈಯಗಲ ಕೆಂಪಗೆ ಏನೋ ಕುದಿಯುವಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದು ನೂರಾರು ಕೊರಮೀನಿನ ಮರಿಗಳ ಹಿಂಡು. ಒಮ್ಮೆ ಮೇಲೆದ್ದು ಬಾಯಿ ತೆರೆದು ಗಾಳಿ ಹಿಡಿಯುತ್ತವೆ, ಒಟ್ಟಾಗಿ ಮುಳುಗುತ್ತವೆ, ಗಜ ದೂರದಲ್ಲಿ ಮತ್ತೆ ಏಳುತ್ತವೆ. ಅವುಗಳ ಸ್ವಲ್ಪ ಕೆಳಗೆ, ಕಪ್ಪು ನೆರಳಿನಂತೆ, ಹೆತ್ತ ಮೀನು ಕಾವಲಿದೆ. ಕಪ್ಪೆ ಬರಲಿ, ಬೇರೆ ಮೀನು ಬರಲಿ, ಹಿಂಡಿನ ಹತ್ತಿರ ಸುಳಿದದ್ದರ ಮೇಲೆ ಅದು ಎರಗುತ್ತದೆ. ಆಗ ಅದಕ್ಕೆ ಹಸಿವಿಲ್ಲ, ಮಕ್ಕಳ ಭಯವಿದೆ.

ಕೆಂಪು ಹಿಂಡು ಕಂಡಲ್ಲಿ ರಬ್ಬರ್ ಕಪ್ಪೆಯನ್ನು ದಾಟಿಸಿ ಎಳೆದರೆ ದೊಡ್ಡ ಮೀನು ಹೊಡೆದೇ ಹೊಡೆಯುತ್ತದೆ ಎಂಬ ಗುಟ್ಟು ಲೂರು ಹಾಕುವವರಿಗೆಲ್ಲ ಗೊತ್ತು. ಅನುಭವವಿಲ್ಲದವನಿಗೂ ಮೀನು ಸಿಗುವ ದಾರಿ ಇದು. ನನ್ನ ಮಟ್ಟಿಗೆ ಕೆರೆಯ ಗಾಳದಲ್ಲಿ ಇದಕ್ಕಿಂತ ಹೀನವಾದ ಕೆಲಸ ಇನ್ನೊಂದಿಲ್ಲ. ಆ ಮೀನನ್ನು ಒಯ್ದರೆ ಮರಿಗಳು ಅನಾಥ. ಬಿಟ್ಟರೂ ಅಪಾಯ ತಪ್ಪಲಿಲ್ಲ: ಅದನ್ನು ಎಳೆದು, ಬಿಡಿಸಿ, ಅಳೆದು, ಫೋಟೋಕ್ಕೆ ಹಿಡಿದು ನಿಲ್ಲುವ ಹೊತ್ತಿಗೆ ಕಾವಲಿಲ್ಲದ ಹಿಂಡಿಗೆ ಜಿಲೇಬಿಗಳೂ ಉಳಿದ ಮೀನುಗಳೂ ನುಗ್ಗಿರುತ್ತವೆ. ಪರದೇಶದ ಮೀನು ಬಾಯೊಳಗೆ ಮರಿ ಸಾಕುವ ಕೆರೆಯಲ್ಲಿ, ಬಯಲಲ್ಲಿ ಮರಿ ಕಾಯುವ ನಮ್ಮ ಮೀನು ಮೊದಲೇ ಹಿಂದೆ ಬಿದ್ದಿದೆ. ಅದರ ಕಾವಲನ್ನೂ ನಾವೇ ಮುರಿಯಬೇಕೆ?

ಹಾಗಾದರೆ ಹಿಡಿದು ಬಿಡುವ ಆಟವೇ ಬೇಡವೆಂದೆ? ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಮೀನಿಗೆ ನೋವೇ ಇಲ್ಲ ಎಂಬ ಹಳೆಯ ನಂಬಿಕೆ ಈಗ ನಿಲ್ಲುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತಲೆಯಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳನ್ನು ತೋರಿಸಿದರು. ತುಟಿಗೆ ಆಮ್ಲ ತಗುಲಿದ ಮೀನು ತೊಟ್ಟಿಯ ಜಲ್ಲಿಗೆ ಬಾಯಿ ಉಜ್ಜಿಕೊಂಡಿತು, ಮೇವು ಬಿಟ್ಟಿತು. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ಸಂರಕ್ಷಣಾ ನಿಯಮ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸಿತು. ಅಲ್ಲಿನವರ ತರ್ಕ ನನಗೆ ಒಪ್ಪಿಗೆ: ನೋವು ಕೊಡಲು ತಕ್ಕ ಕಾರಣ ಬೇಕು, ಊಟ ಅಂಥ ಕಾರಣ, ಬರೀ ಮೋಜು ಅಲ್ಲ. ಬಿಡುವುದು ತಪ್ಪಿ ಸಿಕ್ಕ ಮೀನಿಗೆ, ಎಳೆಯ ಮೀನಿಗೆ, ಉಳಿಯಲೇಬೇಕಾದ ಮೀನಿಗೆ ಮಾಡುವ ತಿದ್ದುಪಡಿ. ಅದನ್ನೇ ಉದ್ದೇಶ ಮಾಡಿಕೊಂಡರೆ ಮೊದಲ ತಪ್ಪಿಗೆ ಸಮಜಾಯಿಷಿ ಉಳಿಯದು. ಕಾವೇರಿಯ ಶಿಬಿರಗಳಂತೆ ಕಾವಲೂ ಲೆಕ್ಕವೂ ಜೊತೆಗಿದ್ದರೆ ಮಾತು ಬೇರೆ. ಇದೇ ತರ್ಕದಿಂದ ಜೀವಂತ ಮರಿಮೀನನ್ನೋ ಕಪ್ಪೆಯನ್ನೋ ಕೊಕ್ಕೆಗೆ ಪೋಣಿಸಿ ಎರೆ ಮಾಡುವುದೂ ನಿಲ್ಲಬೇಕು. ಹಿಟ್ಟು ಇದೆ, ಲೂರು ಇದೆ. ಒಂದು ಮೀನಿಗಾಗಿ ಎರಡು ಜೀವ ಹಿಂಸಿಸುವ ಅಗತ್ಯವಿಲ್ಲ.

ಹೊರಗಿನವರ ನಿಯಮ ನಮಗೇಕೆ ಎನ್ನುವವರಿಗೆ ನಮ್ಮದೇ ಪದ್ಧತಿಯನ್ನು ನೆನಪಿಸುತ್ತೇನೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಗಾಳವನ್ನೇ ಇಳಿಸದೆ ನೀರಿನ ಒಂದು ತುಂಡನ್ನು ಬಿಟ್ಟುಕೊಟ್ಟರು. ಹಿಡಿದು ಬಿಡುವುದಕ್ಕಿಂತ ಹಿಡಿಯದೆ ಬಿಡುವುದು ದೊಡ್ಡದು ಎಂಬ ತಿಳಿವಳಿಕೆ ಅಲ್ಲಿದೆ. ತಿರುಪ್ಪೂರಿನ ನಂಜರಾಯನ್ ಕೆರೆ 2022ರಲ್ಲಿ ಪಕ್ಷಿಧಾಮವಾಗಿ, 2024ರ ಆಗಸ್ಟಿನಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಅಲ್ಲಿನ ಮೀನು ಹಕ್ಕಿಗಳ ಪಾಲು. ಗಾಳ ಹಿಡಿದು ಅತ್ತ ಹೋಗಬಾರದು.

ಉಳಿದ ಕೆರೆಗಳಲ್ಲಿ ಬಹುಪಾಲಿಗೆ ಗುತ್ತಿಗೆದಾರರಿದ್ದಾರೆ, ಮೀನುಗಾರರ ಸಹಕಾರ ಸಂಘಗಳಿವೆ. ಕಟ್ಲಾ, ರೋಹು ಮರಿ ಬಿತ್ತಲು ದುಡ್ಡು ಹಾಕಿದವರು ಅವರು. ಹರಿಗೋಲಿನಲ್ಲಿ ಕೂತು ಬಲೆ ಎಳೆಯುವವನ ಒಪ್ಪಿಗೆ ಕೇಳದೆ, ಒಂದಿಷ್ಟು ಶುಲ್ಕ ಕೊಡದೆ ಗಾಳ ಹಾಕುವುದು ಅವನ ಹೊಲದಲ್ಲಿ ತೆನೆ ಮುರಿದಂತೆ. ಸಂಘಗಳೂ ಈ ಹವ್ಯಾಸಿಗಳನ್ನು ಬೆದರಿಸಿ ಓಡಿಸುವ ಬದಲು ಚೀಟಿ ಕೊಟ್ಟು ಒಳಗೆ ಬಿಡಲಿ, ಸಿಕ್ಕಿದ ಮೀನನ್ನೆಲ್ಲ ಪುಸ್ತಕದಲ್ಲಿ ಬರೆಸಲಿ. ಯಾವ ಕೆರೆಯಲ್ಲಿ ಕೊರಮೀನು ಉಳಿದಿದೆ, ಯಾವುದರಲ್ಲಿ ಬರೀ ಜಿಲೇಬಿ ಆಗಿದೆ ಎಂಬ ಲೆಕ್ಕ ಆ ಪುಸ್ತಕದಲ್ಲೇ ಸಿಗುತ್ತದೆ.

ಲೂರು ಹಾಕುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಜಿಲೇಬಿ ಸಿಕ್ಕರೆ, ನೀರು ಚೆನ್ನಾಗಿದ್ದರೆ, ಮನೆಗೆ ಒಯ್ಯಿರಿ. ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ಕಂಡ ಕಡೆ ದಾರ ಸುತ್ತಿಕೊಂಡು ಮುಂದಿನ ತೂಬಿನ ಹತ್ತಿರ ಹೋಗಿ, ಆ ಜಾಗವನ್ನು ಜೊತೆಯವರಿಗೂ ಹೇಳಬೇಡಿ.