ಸುಂಕವಿಲ್ಲದ ಗಡಿಯಲ್ಲಿ ರಟ್ಟಿನ ಲೆಕ್ಕ

ನೆದರ್‌ಲೆಂಡ್ಸ್‌ನ ವಾಲ್ಸ್ ಎಂಬ ಊರಿನ ಬಳಿ 322 ಮೀಟರ್ ಎತ್ತರದ ಒಂದು ಗುಡ್ಡವಿದೆ. ತುದಿಯಲ್ಲೊಂದು ಗಡಿಗಲ್ಲು. ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿದರೆ ಅರ್ಧ ನಿಮಿಷದಲ್ಲಿ ನೆದರ್‌ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಮೂರನ್ನೂ ಸುತ್ತಿ ಬಂದಂತಾಗುತ್ತದೆ. ಪೊಲೀಸರಿಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ, ಸುಂಕದ ಕಟ್ಟೆಯಿಲ್ಲ. 1993ರಿಂದ ಯುರೋಪು ಒಂದೇ ಮಾರುಕಟ್ಟೆ ಎಂದು ಶಾಲೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಆದರೆ ಆ ಕಲ್ಲಿನ ಸುತ್ತ ನಡೆಯುವವರ ಕೈಯಲ್ಲಿ ಗಿರಾಕಿಗೆ ಕಳಿಸಬೇಕಾದ ಒಂದು ಸೋಪಿನ ಪಾರ್ಸೆಲ್ ಇದ್ದರೆ ಕಥೆ ಬೇರೆ. ಪಾರ್ಸೆಲಿನ ಒಳಗಿರುವ ಸೋಪಿಗೆ ಯಾವ ತಕರಾರೂ ಇಲ್ಲ, ತಕರಾರಿರುವುದು ಹೊರಗಿನ ರಟ್ಟಿನ ಡಬ್ಬಿಗೆ. ಆ ಡಬ್ಬಿಯನ್ನು ಬೆಲ್ಜಿಯಂ ವರ್ಷಕ್ಕೆ 300 ಕೆಜಿ ಮುಟ್ಟುವವರೆಗೆ ಮಾತನಾಡಿಸುವುದಿಲ್ಲ. ನೆದರ್‌ಲೆಂಡ್ಸ್‌ನ ಪ್ಯಾಕೇಜಿಂಗ್ ಕಸದ ಶುಲ್ಕಪದ್ಧತಿ ಬಹುಕಾಲ 50,000 ಕೆಜಿ ದಾಟಿದವರ ಕಡೆಗಷ್ಟೇ ಕಣ್ಣು ಹಾಯಿಸುತ್ತಿತ್ತು. ಜರ್ಮನಿಗೆ ಮಾತ್ರ ಮೊದಲ ಗ್ರಾಮಿನಿಂದಲೇ ಲೆಕ್ಕ ಬೇಕು.

ಗುಡ್ಡದ ಕೆಳಗಿರುವ ಜರ್ಮನಿಯ ಆಖೆನ್ ನಗರದಲ್ಲಿ ಒಬ್ಬಾಕೆ ಇದ್ದಾಳೆ ಎಂದಿಟ್ಟುಕೊಳ್ಳೋಣ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೈಯಿಂದ ಸೋಪು ಮಾಡಿ, ತನ್ನದೇ ವೆಬ್‌ಸೈಟಿನಲ್ಲಿ ಮಾರುತ್ತಾಳೆ. ಖಾಲಿ ಡಬ್ಬಿಯೊಂದು 120 ಗ್ರಾಂ ತೂಗುತ್ತದೆ. ವರ್ಷಕ್ಕೆ 300 ಪಾರ್ಸೆಲ್ ಹೋದರೆ ಒಟ್ಟು 36 ಕೆಜಿ ರಟ್ಟು. ಒಬ್ಬ ಹಳೇ ಪೇಪರಿನವನು ತನ್ನ ಸೈಕಲ್ಲಿನ ಹಿಂದೆ ಒಂದೇ ಸಲಕ್ಕೆ ಕಟ್ಟಿಕೊಂಡು ಹೋಗುವಷ್ಟು. ಅಷ್ಟಕ್ಕೆ ಆಕೆ ಒಸ್ನಾಬ್ರೂಕ್ ನಗರದಲ್ಲಿರುವ ಪ್ಯಾಕೇಜಿಂಗ್ ನೋಂದಣಿ ಕಚೇರಿಯ 'ಲೂಸಿಡ್' ಪಟ್ಟಿಯಲ್ಲಿ ಹೆಸರು ಬರೆಸಬೇಕು, ಕಸ ವಿಲೇವಾರಿಯ ಖಾಸಗಿ ವ್ಯವಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಎಷ್ಟು ರಟ್ಟು, ಎಷ್ಟು ಪ್ಲಾಸ್ಟಿಕ್ ಎಂದು ಎರಡೂ ಕಡೆ ಒಂದೇ ಅಂಕಿ ಬರೆಯಬೇಕು. ಡಬ್ಬಿಗೆ ಅಂಟಿಸಿದ ಟೇಪು, ಒಳಗೆ ತುಂಬಿದ ಕಾಗದ, ಮೇಲಿನ ವಿಳಾಸದ ಚೀಟಿ ಎಲ್ಲವೂ ತೂಕಕ್ಕೆ ಸೇರುತ್ತವೆ. ತಪ್ಪಿದರೆ ಗರಿಷ್ಠ ದಂಡ 2 ಲಕ್ಷ ಯೂರೊ. ಅಷ್ಟು ದಂಡ ಸೋಪಿನಾಕೆಗೆ ಯಾರೂ ಹಾಕಲಾರರು. ಆಕೆಯ ನಿಜವಾದ ಭಯ ಬೇರೆ. ಲೂಸಿಡ್ ಪಟ್ಟಿ ಎಲ್ಲರಿಗೂ ತೆರೆದಿದೆ. ಹೆಸರಿಲ್ಲದ್ದನ್ನು ಕಂಡ ಪ್ರತಿಸ್ಪರ್ಧಿ ವಕೀಲರ ಮೂಲಕ 'ಅಬ್‌ಮಾನುಂಗ್' ಎಂಬ ಎಚ್ಚರಿಕೆ ಪತ್ರ ಕಳಿಸಬಹುದು. ಆ ವಕೀಲರ ಫೀಜೂ ಪತ್ರ ಪಡೆದವರ ತಲೆಗೇ ಬರುತ್ತದೆ.

ಇನ್ನೂ ಒಂದು ವಿಚಿತ್ರವಿದೆ, ಇದನ್ನು ಮೊದಲು ಓದಿದಾಗ ನಾನೇ ಎರಡು ಸಲ ಕಣ್ಣು ಹಾಯಿಸಿದೆ. ಆಕೆ ಹೊಸ ಡಬ್ಬಿ ಕೊಳ್ಳದೆ, ನೆರೆಮನೆಗೆ ಬಂದ ಪಾರ್ಸೆಲಿನ ಹಳೇ ಡಬ್ಬಿಯನ್ನೇ ತಂದು ಮತ್ತೆ ಬಳಸಿದಳು ಅನ್ನಿ. ಪರಿಸರದ ದೃಷ್ಟಿಯಲ್ಲಿ ಇದಕ್ಕಿಂತ ಪುಣ್ಯದ ಕೆಲಸವಿಲ್ಲ. ಕಾನೂನು ಮಾತ್ರ, ಈ ಡಬ್ಬಿಗೆ ಹಿಂದಿನವರು ಶುಲ್ಕ ಕಟ್ಟಿದ್ದರೆಂಬುದಕ್ಕೆ ಪುರಾವೆ ಎಲ್ಲಿ ಎನ್ನುತ್ತದೆ. ಪುರಾವೆ ಇಲ್ಲದಿದ್ದರೆ ಹೊಸ ಡಬ್ಬಿಯಂತೆಯೇ ಲೆಕ್ಕ. ನೆರೆಮನೆಯವರ ಪಾರ್ಸೆಲ್ ಕಳಿಸಿದವರು ಯಾರೋ, ಅವರ ಬಳಿ ಹೋಗಿ ರಸೀದಿ ಕೇಳುವುದು ಹೇಗೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ಇಷ್ಟು ಸ್ವಂತ ದೇಶದ ಮಾತು. ಈಗ ವಿಯೆನ್ನಾದಿಂದ ಗಿರಾಕಿಗಳು ಬರತೊಡಗಿದರು. ವರ್ಷಕ್ಕೆ 25 ಪಾರ್ಸೆಲ್, ಅಂದರೆ 3 ಕೆಜಿ ರಟ್ಟು. 2023ರ ಜನವರಿಯಿಂದ ಆಸ್ಟ್ರಿಯಾ, ಹೊರದೇಶದ ಆನ್‌ಲೈನ್ ಮಾರಾಟಗಾರರು ತನ್ನ ನೆಲದಲ್ಲಿ ಒಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಲೇಬೇಕು ಎಂದಿದೆ. ಅದಕ್ಕೆ ನೋಟರಿ ದೃಢೀಕರಿಸಿದ ಅಧಿಕಾರಪತ್ರ ಬೇಕು. ಪ್ರತಿನಿಧಿಗೂ ನೋಟರಿಗೂ ಕೊಡುವ ಹಣದ ಮುಂದೆ 3 ಕೆಜಿ ರಟ್ಟಿನ ಶುಲ್ಕ ಲೆಕ್ಕಕ್ಕೇ ಸಿಗುವುದಿಲ್ಲ. ಫ್ರಾನ್ಸಿಗೆ ಕಳಿಸುವುದಾದರೆ 2022ರಿಂದ ಅಲ್ಲಿನದೇ ಗುರುತಿನ ಸಂಖ್ಯೆ, ಜೊತೆಗೆ ಡಬ್ಬಿಯನ್ನು ವಿಂಗಡಿಸಿ ಹಾಕಬೇಕೆಂದು ಸೂಚಿಸುವ 'ತ್ರಿಮಾನ್' ಚಿಹ್ನೆ. ಇಟಲಿಗೆ ಬೇರೆ ಗುರುತು, ಸ್ಪೇನಿಗೆ ಬೇರೆ ನೋಂದಣಿ. ಫ್ರಾನ್ಸಿನ ಚಿಹ್ನೆ ಮಾರುಕಟ್ಟೆಗೆ ಅಡ್ಡಿ ಎಂದು ಯುರೋಪಿಯನ್ ಆಯೋಗವೇ 2023ರಲ್ಲಿ ಕಾನೂನು ಕ್ರಮಕ್ಕೆ ಮುಂದಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಬ್ರಸೆಲ್ಸ್‌ಗೂ ಅನುಭವಕ್ಕೆ ಬಂದಿರಬೇಕು.

ಕಾನೂನಿನ ಮೂಲ ಉದ್ದೇಶವನ್ನು ನಾನು ಹಳಿಯುತ್ತಿಲ್ಲ. 2022ರಲ್ಲಿ ಯುರೋಪಿಯನ್ ಒಕ್ಕೂಟದ ಪ್ರತಿ ವ್ಯಕ್ತಿಯ ಪಾಲಿಗೆ 186.5 ಕೆಜಿ ಪ್ಯಾಕೇಜಿಂಗ್ ಕಸ ಬಂತು, ಅದರಲ್ಲಿ ದೊಡ್ಡ ಪಾಲು ಕಾಗದ ಮತ್ತು ರಟ್ಟು. ಕಸ ಹುಟ್ಟಿಸಿದವರೇ ಅದರ ಖರ್ಚನ್ನೂ ಹೊರಲಿ ಎಂದು ಜರ್ಮನಿ 1991ರಲ್ಲೇ ನಿಯಮ ಮಾಡಿತು. ಅದು ಜಗತ್ತಿಗೇ ಮೇಲ್ಪಂಕ್ತಿಯಾಯಿತು. ಆಮೇಲೆ ಆನ್‌ಲೈನ್ ವ್ಯಾಪಾರ ಬೆಳೆದು, ಎಲ್ಲೋ ದೂರದಿಂದ ಲಕ್ಷಾಂತರ ಪಾರ್ಸೆಲ್ ಕಳಿಸುತ್ತ ಒಂದು ಸೆಂಟೂ ಕಟ್ಟದವರು ಹೆಚ್ಚಿದರು. ಅವರ ಪಾಲನ್ನು ಪ್ರಾಮಾಣಿಕರು ಕಟ್ಟಬೇಕಾಯಿತು. ಆದ್ದರಿಂದಲೇ 2019ರ ಜರ್ಮನ್ ಕಾನೂನು, ಅದರ ಬೆನ್ನಿಗೇ 2022ರ ಜುಲೈಯಿಂದ ನೋಂದಣಿ ಸಂಖ್ಯೆ ಇಲ್ಲದವರನ್ನು ದೊಡ್ಡ ಮಾರಾಟತಾಣಗಳು ಹೊರಗಿಡಬೇಕೆಂಬ ಆದೇಶ. ಇದು ನ್ಯಾಯವೇ.

ಆದರೆ ಬಲೆ ಹಾಕಿದ್ದು ತಿಮಿಂಗಿಲಕ್ಕೆ, ಒದ್ದಾಡುತ್ತಿರುವುದು ಸಣ್ಣ ಮೀನು. ದೊಡ್ಡ ಕಂಪನಿಗೆ 27 ದೇಶಗಳ ನೋಂದಣಿ ಎಂದರೆ ಕಾನೂನು ವಿಭಾಗದಲ್ಲಿ ಇಬ್ಬರು ನೌಕರರು. ಸೋಪಿನಾಕೆಗೆ ಅದು ಸೋಪು ಮಾಡಬೇಕಾದ ಸಮಯ. ಫ್ರಾನ್ಸಿನಲ್ಲಂತೂ ಮಾರಾಟಗಾರರ ಪರವಾಗಿ ದೊಡ್ಡ ತಾಣವೇ ಶುಲ್ಕ ಕಟ್ಟಿ, ಆಮೇಲೆ ಅವರಿಂದ ವಸೂಲಿ ಮಾಡುವ ಅನುಕೂಲವಿದೆ. ಅಂದರೆ ಸ್ವಂತ ಅಂಗಡಿ ಬಿಟ್ಟು ದೊಡ್ಡವರ ಅಂಗಳಕ್ಕೆ ಬಂದು ಕಮಿಷನ್ ಕೊಟ್ಟು ಮಾರು ಎಂದು ಕಾನೂನೇ ಕೈಹಿಡಿದು ಕರೆದೊಯ್ದ ಹಾಗಾಯಿತು. ದೈತ್ಯರ ಹಿಡಿತ ತಗ್ಗಿಸಬೇಕೆಂದು ಭಾಷಣ ಮಾಡುವ ರಾಜಧಾನಿಗಳೇ ಇಂಥ ಕಾನೂನು ಮಾಡಿದವು.

ಕಸ ಎತ್ತುವುದು ಆಯಾ ಊರಿನವರು, ಹಾಗಾಗಿ ಹಣವೂ ಆಯಾ ದೇಶಕ್ಕೇ ಹೋಗಬೇಕು, ಬೇರೆ ಬೇರೆ ನೋಂದಣಿ ಅನಿವಾರ್ಯ ಎಂಬುದು ಅಧಿಕಾರಿಗಳ ವಾದ. ಅರ್ಧ ಸರಿ. ಹಣ ಆಯಾ ದೇಶಕ್ಕೆ ಹೋಗಲಿ, ಬಾಗಿಲು ಮಾತ್ರ 27 ಏಕೆ? ಮೌಲ್ಯವರ್ಧಿತ ತೆರಿಗೆಯ ವಿಷಯದಲ್ಲಿ ಇದೇ ಯುರೋಪು 2021ರ ಜುಲೈ 1ರಿಂದ ಒಂದೇ ಕಿಟಕಿ ತೆರೆದಿದೆ. ಹೊರದೇಶಗಳ ಮಾರಾಟ ವರ್ಷಕ್ಕೆ 10,000 ಯೂರೊ ಮೀರದಿದ್ದರೆ ಸ್ವಂತ ದೇಶದ ತೆರಿಗೆ ಕಟ್ಟಿದರೆ ಸಾಕು. ಮೀರಿದರೆ ಸ್ವಂತ ದೇಶದ ಪೋರ್ಟಲಿನಲ್ಲೇ ಎಲ್ಲ ದೇಶಗಳ ತೆರಿಗೆ ಸಲ್ಲಿಸಬಹುದು, ಹಂಚಿಕೊಳ್ಳುವ ತಲೆನೋವು ಸರ್ಕಾರಗಳದ್ದು. ಕೋಟ್ಯಂತರ ಯೂರೊ ತೆರಿಗೆಯನ್ನು ಹಂಚಿಕೊಳ್ಳಲು ಗೊತ್ತಿರುವವರಿಗೆ 3 ಕೆಜಿ ರಟ್ಟಿನ ಚಿಲ್ಲರೆ ಹಂಚಿಕೊಳ್ಳಲು ಬಾರದೆ?

ಇದಕ್ಕಿಂತಲೂ ಸರಳವಾದ ದಾರಿ ಜರ್ಮನಿಯ ಬೇಕರಿಯಲ್ಲೇ ಇದೆ. ಬ್ರೆಡ್ ಕಟ್ಟಿಕೊಡುವ ಕಾಗದದ ಚೀಲವನ್ನು ಬೇಕರಿಯವನು ಶುಲ್ಕ ಸೇರಿಸಿಯೇ ಕೊಳ್ಳಬಹುದು. ಚೀಲ ಮಾರಿದವನೇ ಮೊದಲು ಶುಲ್ಕ ಕಟ್ಟಿರುತ್ತಾನೆ, ಬೇಕರಿಯವನು ತೂಕ ಹಾಕುತ್ತ ಕೂರಬೇಕಿಲ್ಲ. ಆದರೆ ಅಂಚೆಗೆ ಹಾಕುವ ರಟ್ಟಿನ ಡಬ್ಬಿಗೆ ಈ ಸವಲತ್ತು ಅನ್ವಯಿಸುವುದಿಲ್ಲವಂತೆ! ಇಟಲಿಯಲ್ಲಿ ಪ್ಯಾಕೇಜಿಂಗ್ ಶುಲ್ಕ ಹುಟ್ಟುವುದೇ ಡಬ್ಬಿ ತಯಾರಕರಿಂದ ಮೊದಲ ಬಳಕೆದಾರರ ಕೈಗೆ ಬರುವ ಬಿಲ್ಲಿನಲ್ಲಿ. ನಮ್ಮ ದೇಶದ ಪ್ಲಾಸ್ಟಿಕ್ ನಿಯಮವೂ ಸಣ್ಣವರ ಮಟ್ಟಿಗೆ ಇದೇ ಜಾಡು ಹಿಡಿದಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಪ್ಲಾಸ್ಟಿಕ್ ಹೊಣೆಯನ್ನು 2024ರ ತಿದ್ದುಪಡಿ ಕಚ್ಚಾವಸ್ತು ತಯಾರಕರು, ಆಮದುದಾರರ ಕಡೆಗೆ ದಾಟಿಸಿತು. ಅದು ಜಾರಿಯಾಗುವ ಬಗೆ ಬೇರೆ ಮಾತು. ರಟ್ಟಿನ ಗಿರಣಿಗಳನ್ನು ಎಣಿಸುವುದು ಸುಲಭವೋ, ರಟ್ಟಿನ ಡಬ್ಬಿ ಬಳಸುವ ಲಕ್ಷಾಂತರ ಮನೆ ಅಂಗಡಿಗಳನ್ನು ಎಣಿಸುವುದೋ?

ಹೊಸ ಯುರೋಪಿಯನ್ ನಿಯಮ, 2025ರ 40ನೇ ನಿಯಂತ್ರಣ, 2026ರ ಆಗಸ್ಟ್ 12ರಿಂದ ಅನ್ವಯ. ಚಿಹ್ನೆಗಳನ್ನು ಒಂದೇ ಮಾಡುತ್ತೇವೆ, ಪಾರ್ಸೆಲಿನೊಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ ಜಾಗ ಇರದಂತೆ ನೋಡುತ್ತೇವೆ ಎಂಬ ಭರವಸೆಗಳು ಅದರಲ್ಲಿವೆ, ಒಳ್ಳೆಯದು. ಆದರೆ ಮಾರುವ ಪ್ರತಿ ದೇಶದಲ್ಲೂ ಪ್ರತಿನಿಧಿ ಬೇಕು ಎಂಬ ಆಸ್ಟ್ರಿಯಾದ ಮದ್ದನ್ನು ಎಲ್ಲೆಡೆಗೂ ಬರೆದುಕೊಟ್ಟಿದ್ದೂ ಅದೇ ನಿಯಮ. ಕೂಗು ಎದ್ದ ಮೇಲೆ 2025ರ ಡಿಸೆಂಬರಿನಲ್ಲಿ ಆಯೋಗ, ಒಕ್ಕೂಟದೊಳಗಿನ ಕಂಪನಿಗಳಿಗೆ ಇದನ್ನು ಸದ್ಯಕ್ಕೆ ತಡೆಹಿಡಿಯುವ ಪ್ರಸ್ತಾಪ ಮುಂದಿಟ್ಟಿತು. ಹೊರಗಿನವರಿಗೆ ಆ ರಿಯಾಯಿತಿಯ ಮಾತಿಲ್ಲ. ಚನ್ನಪಟ್ಟಣದ ಗೊಂಬೆ ಯುರೋಪಿನ ಸಗಟು ಆಮದುದಾರರ ಮೂಲಕ ಹೋದರೆ ರಟ್ಟಿನ ಲೆಕ್ಕ ಆಮದುದಾರರದ್ದು. ಅದೇ ಗೊಂಬೆಯನ್ನು ಕುಶಲಕರ್ಮಿ ನೇರವಾಗಿ ಜರ್ಮನಿಯ ಗಿರಾಕಿಗೆ ಅಂಚೆಯಲ್ಲಿ ಕಳಿಸಿದರೆ ಕಾನೂನಿನ ಕಣ್ಣಲ್ಲಿ ಡಬ್ಬಿಯ 'ಉತ್ಪಾದಕ' ಆತನೇ, ರಟ್ಟಿನ ಲೆಕ್ಕವೂ ಆತನದ್ದೇ. ಮಧ್ಯವರ್ತಿಯನ್ನು ದಾಟಿ ನಾಲ್ಕು ಕಾಸು ಹೆಚ್ಚು ಮಾಡಿಕೊಳ್ಳಲಿ ಎಂದು ನಾವು ಇಲ್ಲಿ ತರಬೇತಿ ಶಿಬಿರಗಳಲ್ಲಿ ಹೇಳಿಕೊಡುವುದು ಈ ನೇರ ಮಾರಾಟವನ್ನೇ ಅಲ್ಲವೇ?

ಆಖೆನ್‌ನಂಥ ಊರುಗಳ ಸಣ್ಣ ಅಂಗಡಿಗಳು ಕಂಡುಕೊಂಡ ಉಪಾಯ ಸುಲಭದ್ದು. ವೆಬ್‌ಸೈಟಿನಲ್ಲಿ 'ಯಾವ ದೇಶಕ್ಕೆ ಕಳಿಸಬೇಕು' ಎಂಬ ಪಟ್ಟಿಯಿಂದ ಒಂದೊಂದೇ ಹೆಸರು ಅಳಿಸುವುದು. ಮೊದಲು ಆಸ್ಟ್ರಿಯಾ, ಆಮೇಲೆ ಸ್ಪೇನ್, ಫ್ರಾನ್ಸ್. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. 2018ರ ಯುರೋಪಿಯನ್ ನಿಯಮದ ಪ್ರಕಾರ ಬೇರೆ ದೇಶದವರೆಂಬ ಕಾರಣಕ್ಕೆ ಗಿರಾಕಿಗೆ ಮಾರುವುದಿಲ್ಲ ಎನ್ನುವಂತಿಲ್ಲ, ಆದರೆ ಅವರ ದೇಶಕ್ಕೆ ಕಳಿಸಿಕೊಡಲೇಬೇಕೆಂದೂ ಇಲ್ಲ. ಹಾಗಾಗಿ ವಿಯೆನ್ನಾದ ಗಿರಾಕಿಗೆ ಆ ಸೋಪೇ ಬೇಕೆಂದಿದ್ದರೆ ಜರ್ಮನಿಯೊಳಗಿನ ಯಾವುದಾದರೂ ವಿಳಾಸಕ್ಕೆ ತರಿಸಿಟ್ಟು, ರೈಲು ಹತ್ತಿ ಬಂದು ಒಯ್ಯಬಹುದು. ಆಗ ನೋಟರಿ ಬೇಡ, ಪ್ರತಿನಿಧಿ ಬೇಡ. ಡಬ್ಬಿ ಜರ್ಮನಿಯ ಲೆಕ್ಕಕ್ಕೆ ಸೇರುತ್ತದೆ.