ಊರು ಬಿಟ್ಟು ಹೋದ ಹಣ್ಣುಗಳು

ಮಧುಗಿರಿಯ ಹೆಸರೆತ್ತಿದೊಡನೆ ನೆನಪಿಗೆ ಬರುವುವು ಎರಡು: ಒಂದು, ಊರಿನ ತಲೆಯ ಮೇಲೆಯೇ ನಿಂತಿರುವ ಏಕಶಿಲೆಯ ಬೆಟ್ಟ, ಇನ್ನೊಂದು, ದಾಳಿಂಬೆ. ದಾಳಿಂಬೆಯ ಒಂದು ತಳಿಗೆ ಈ ಊರಿನ ಹೆಸರೇ ಸಂದಿದೆ. ಆದರೆ ದಾಳಿಂಬೆಯ ತವರು ಇರಾನಿನ ಕಡೆಯದು. ಕೊರಟಗೆರೆ, ಸಿರಾ, ಪಾವಗಡಗಳ ಹಿತ್ತಿಲುಗಳಲ್ಲಿ ಕಾಣುವ ಸೀಬೆ, ಪರಂಗಿ, ಸೀತಾಫಲಗಳು ಅಮೆರಿಕದ ಉಷ್ಣ ಪ್ರದೇಶಗಳಿಂದ ಕಡಲು ದಾಟಿ ಬಂದವು. ಬಂದ ಹಣ್ಣಿಗೆ ಸೀತಾಮಾತೆಯ ಹೆಸರನ್ನೇ ಇಟ್ಟು ಮನೆಯದಾಗಿಸಿಕೊಂಡ ಜನ ನಮ್ಮವರು.

ಈಗ ಪಯಣದ ದಿಕ್ಕು ಬದಲಾಗಿದೆ. ಈ ಸೀಮೆಯ ಮಕ್ಕಳು ಲಂಡನ್ನಿನಲ್ಲಿಯೂ ಟೊರಾಂಟೊದಲ್ಲಿಯೂ ಸಂಸಾರ ಹೂಡಿದ್ದಾರೆ. ಬೇಸಿಗೆಯ ರಜೆಗೆ ಬಂದು ಹಿಂದಿರುಗುವಾಗ, ಅಜ್ಜಿಯ ಹಿತ್ತಿಲಿನ ರಸಪುರಿಯ ಓಟೆಯನ್ನೋ ಹಲಸಿನ ಬೀಜವನ್ನೋ ಪೆಟ್ಟಿಗೆಯ ಮೂಲೆಯಲ್ಲಿ ಸೇರಿಸುವ ಆಸೆ ಯಾರಿಗೆ ತಾನೆ ಬಾರದು? ಆ ಬೀಜ ಅಲ್ಲಿ ಮರವಾದೀತೆ? ಮರವಾದರೂ ಹಣ್ಣು ಬಿಟ್ಟೀತೆ? ಇವೆರಡೂ ಒಂದೇ ಪ್ರಶ್ನೆಯಂತೆ ತೋರಿದರೂ ಬೇರೆ ಬೇರೆ. ಈ ಭೇದವನ್ನು ಅರಿಯದ್ದರಿಂದಲೇ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನೀರೆರೆದ ಗಿಡ ನಿರಾಶೆಯನ್ನೇ ಫಲವಾಗಿ ಕೊಡುತ್ತದೆ.

ಮೊದಲನೆಯದು ಚಳಿಯನ್ನು ತಾಳುವ ಪ್ರಶ್ನೆ. ಬಾಳೆಯ ಹಣ್ಣನ್ನು ಫ್ರಿಜ್‌ನಲ್ಲಿಟ್ಟ ಗೃಹಿಣಿಯರಿಗೆ ಇದರ ಮರ್ಮ ತಿಳಿದೇ ಇದೆ: ಎರಡು ದಿನಗಳಲ್ಲಿ ಸಿಪ್ಪೆ ಕಪ್ಪಿಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟಿರುವುದಿಲ್ಲ. ಆದರೂ ಸುಮಾರು 13 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ತಂಪೇ ಬಾಳೆಗೆ ಪೆಟ್ಟು. ಉಷ್ಣದೇಶದ ಸಸ್ಯಗಳ ಜೀವಕೋಶಗಳ ರಚನೆಯೇ ಅಂಥದು. ಇನ್ನು ಹಿಮ ಬೀಳುವ ರಾತ್ರಿಗಳಲ್ಲಿ ಎಳೆಯ ಮಾವು, ಹಲಸುಗಳ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯದು ಬಿಸಿಲು ಸಾಲುವ ಪ್ರಶ್ನೆ. ಇದಕ್ಕೆ ಮಧುಗಿರಿಯ ದಾಳಿಂಬೆಯ ಬಳಗವೇ ನಿದರ್ಶನ. ಬಲಿತ ದಾಳಿಂಬೆಯ ಗಿಡ ಎಲೆ ಉದುರಿಸಿ ನಿದ್ರೆ ಹೋಗಿ, ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕೆಳಗಿನ ಚಳಿಯನ್ನೂ ಸಹಿಸಬಲ್ಲುದು. ಚಳಿಗಾಲದಲ್ಲಿ ಹೆಪ್ಪುಗಟ್ಟಿಸುವ ಕಂದಹಾರ ದಾಳಿಂಬೆಗೆ ಜಗತ್ಪ್ರಸಿದ್ಧ, ಏಕೆಂದರೆ ಅಲ್ಲಿಯ ಬೇಸಿಗೆ ದೀರ್ಘ, ಪ್ರಖರ. ಅದೇ ಗಿಡ ಲಂಡನ್ನಿನ ಗೋಡೆಯ ಮಗ್ಗುಲಲ್ಲಿಯೂ ಬದುಕುತ್ತದೆ, ಕೆಂಪು ಹೂವನ್ನೂ ಬಿಡುತ್ತದೆ. ಆದರೆ ಅಲ್ಲಿಯ ಸೌಮ್ಯವಾದ ಬೇಸಿಗೆಯಲ್ಲಿ ಕಾಯಿ ಹಣ್ಣಾಗುವುದು ಅಪರೂಪ. ಬದುಕುವುದು ಬೇರೆ, ಫಲಿಸುವುದು ಬೇರೆ.

ಹಣವೂ ಹಟವೂ ಕೂಡಿದರೆ ಈ ಎರಡನ್ನೂ ಗೆಲ್ಲಬಹುದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಇಂಗ್ಲೆಂಡಿನ ಚಾಟ್ಸ್‌ವರ್ತಿನಲ್ಲಿ ಡೆವನ್‌ಶೈರಿನ 6ನೆಯ ಡ್ಯೂಕನಾದ ವಿಲಿಯಂ ಕ್ಯಾವೆಂಡಿಷನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್, ಮಾರಿಷಸ್‌ನಿಂದ ಬಂದ ಗಿಡ್ಡ ಬಾಳೆಯೊಂದನ್ನು ಬೆಚ್ಚನೆಯ ಗಾಜಿನ ಮನೆಯಲ್ಲಿ ಬೆಳೆಸಿ 1836ರಲ್ಲಿ ಹಣ್ಣು ಪಡೆದನು. ಒಡೆಯನ ಮನೆತನದ ಹೆಸರು ಬಾಳೆಗೆ ಅಂಟಿತು. ಮಧುಗಿರಿಯ ಬಸ್ ನಿಲ್ದಾಣದಲ್ಲಿ ಕೊಂಡು ತಿನ್ನುವ ಪಚ್ಚಬಾಳೆ ಈ ಕ್ಯಾವೆಂಡಿಷ್ ಬಳಗದ್ದೇ! ನಮ್ಮ ಸೆಖೆಯಲ್ಲಿ ಮಾಗಿದಾಗ ಇದರ ಸಿಪ್ಪೆಯ ಹಸುರು ಪೂರ್ತಿ ಅಳಿಯುವುದಿಲ್ಲ; ತಂಪು ಕೋಣೆಯಲ್ಲಿ ಮಾಗಿಸಿದರೆ ಹಳದಿಯಾಗುತ್ತದೆ. ಲಂಡನ್ನಿನ ಅಂಗಡಿಯ ಹೊಂಬಣ್ಣದ ಬಾಳೆಯೂ ನಮ್ಮ ಪಚ್ಚಬಾಳೆಯೂ ದಾಯಾದಿಗಳೆಂದರೆ ನಂಬುವುದು ಕಷ್ಟ. ಬಣ್ಣದ ಅಂತರವೆಲ್ಲ ಹವೆಯ ಆಟ. ಇದೇ ಪ್ಯಾಕ್ಸ್‌ಟನ್ನನು ಮುಂದೆ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ವಿನ್ಯಾಸಕಾರನೆಂದು ಹೆಸರಾದನು.

ಐಸ್‌ಲ್ಯಾಂಡಿನವರ ಸಾಹಸ ಇನ್ನೂ ದೊಡ್ಡದು. ಭೂಗರ್ಭದಿಂದ ಉಕ್ಕುವ ಬಿಸಿನೀರನ್ನು ಗಾಜಿನ ಮನೆಗಳಿಗೆ ಹಾಯಿಸಿ, 1940ರ ದಶಕದಿಂದ ಅಲ್ಲಿ ಬಾಳೆ ಬೆಳೆದಿದ್ದಾರೆ. ಶಾಖಕ್ಕೆ ಕೊರತೆಯಿಲ್ಲ, ಕೊರತೆ ಬೆಳಕಿನದು. ಚಳಿಗಾಲದಲ್ಲಿ ಹಗಲೆಂಬುದೇ ಕೆಲವು ಗಂಟೆಗಳು. ಗೊನೆ ಬಲಿಯಲು ತಡವಾಗಿ, ಹಡಗಿನಲ್ಲಿ ಬರುವ ಅಗ್ಗದ ಹಣ್ಣಿನ ಮುಂದೆ ಆ ಬೆಳೆ ವ್ಯಾಪಾರವಾಗಿ ನಿಲ್ಲಲಿಲ್ಲ.

ನಿಸರ್ಗವೇ ಅನುಕೂಲ ಮಾಡಿಕೊಟ್ಟ ಎಡೆಗಳೂ ಉಂಟು. ಸ್ಪೇನಿನ ದಕ್ಷಿಣ ಕರಾವಳಿಯ ಮಲಗಾ, ಗ್ರಾನಡಾ ಪ್ರಾಂತಗಳಲ್ಲಿ ಬೆಟ್ಟಸಾಲು ಉತ್ತರದ ಶೀತಗಾಳಿಯನ್ನು ತಡೆಯುತ್ತದೆ, ಕಡಲು ರಾತ್ರಿಯನ್ನು ಬೆಚ್ಚಗಿರಿಸುತ್ತದೆ. ಅಲ್ಲಿ ಮಾವು ವ್ಯಾಪಾರದ ಬೆಳೆಯೇ ಆಗಿದೆ.

ಸಾಮಾನ್ಯ ಸಂಸಾರಕ್ಕೆ ಬೆಟ್ಟಸಾಲೂ ಇಲ್ಲ, ಬಿಸಿನೀರ ಬುಗ್ಗೆಯೂ ಇಲ್ಲ. ಆದರೆ ಒಂದು ಗೋಡೆಯಿರುತ್ತದೆ. ಮಧುಗಿರಿಯ ಬೆಟ್ಟವನ್ನು ಸಂಜೆ ಇಳಿದವರು ಬಲ್ಲರು: ಹೊತ್ತು ಮುಳುಗಿದ ಮೇಲೂ ಬಂಡೆ ಅಂಗೈಗೆ ಬೆಚ್ಚಗಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆಯ ಗೋಡೆ ಚಳಿದೇಶದಲ್ಲಿ ಇದೇ ಕೆಲಸ ಮಾಡುತ್ತದೆ. ಹಗಲಿನ ಬಿಸಿಲನ್ನು ಕುಡಿದು ಇರುಳಿನಲ್ಲಿ ಗಿಡಕ್ಕೆ ಹಿಂದಿರುಗಿಸುತ್ತದೆ. ದಾಳಿಂಬೆಗೆ, ಅಂಜೂರಕ್ಕೆ ಇದೇ ತಕ್ಕ ಸ್ಥಳ. ನಿಂಬೆ, ಕರಿಬೇವುಗಳನ್ನು ಕುಂಡದಲ್ಲಿ ಬೆಳೆಸಿ, ಬೇಸಿಗೆಯಲ್ಲಿ ಅಂಗಳಕ್ಕೂ ಚಳಿಗಾಲದಲ್ಲಿ ಬೆಳಕಿರುವ ಕಿಟಕಿಯ ಬಳಿಗೂ ಸಾಗಿಸುವುದು ಲೇಸು. ಒಳಗಿರುವಾಗ ನೀರನ್ನು ಮಿತವಾಗಿ ಎರೆಯಬೇಕು. ಬೇರು ನೆನೆದು ಕೊಳೆತು ಸಾಯುವ ಗಿಡಗಳೇನೂ ಕಡಿಮೆಯಲ್ಲ. ಕುಂಡದ ನಿಂಬೆಯಿಂದ ವರ್ಷಕ್ಕೆ ಹತ್ತು ಕಾಯಿ ದೊರೆತರೂ ಮನೆಯವರ ಸಂತೋಷಕ್ಕೆ ಸಾಕು.

ಮಾವಿನ ಆಸೆಯ ಬಗೆಗೆ ಮಾತ್ರ ಎರಡು ಮಾತು ಹೇಳಲೇಬೇಕು. ರಸಪುರಿ, ಬಾದಾಮಿಗಳ ಓಟೆ ನೆಟ್ಟರೆ ಹುಟ್ಟುವ ಗಿಡ ತಾಯಿಯ ಗುಣವನ್ನೇ ಹೊತ್ತು ಬರುವುದೆಂಬ ಭರವಸೆಯಿಲ್ಲ. ನಮ್ಮಲ್ಲಿಯೂ ಆ ರುಚಿಯನ್ನು ಉಳಿಸಿರುವುದು ಕಸಿಯೇ. ಮೇಲಾಗಿ, ಮಾವು ಹೂ ಬಿಡಲು ತುಸು ಚಳಿಯನ್ನು ಬಯಸುತ್ತದೆ, ಹೂವು ಕಾಯಿಕಟ್ಟಲು ಬೆಚ್ಚನೆಯ ಹವೆಯನ್ನು ಬೇಡುತ್ತದೆ. ಈ ಹದ ಮಧುಗಿರಿಗೆ ಬಿಟ್ಟಿಯಾಗಿ ಒದಗಿದೆ. ಚಳಿದೇಶದ ಕಿಟಕಿಯ ಬಳಿ ಒದಗುವುದು ದುರ್ಲಭ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ನೋಡಲು ನಿರ್ದೋಷವಾದ ಮಾವಿನೊಳಗೆ, ಓಟೆಯನ್ನು ಕೊರೆಯುವ ಪುಟ್ಟ ದುಂಬಿ ಅಡಗಿರಬಹುದು. ಹೊರಗಿನಿಂದ ಸುಳಿವು ಸಿಕ್ಕದು. ಇಂಥ ಕೀಟಗಳ ಅಂಜಿಕೆಯಿಂದಲೇ ಅಮೆರಿಕ ಬಹುಕಾಲ ಭಾರತದ ಮಾವಿಗೆ ಬಾಗಿಲು ಮುಚ್ಚಿತ್ತು. ವಿಕಿರಣದಿಂದ ಹಣ್ಣನ್ನು ಸಂಸ್ಕರಿಸುವ ಏರ್ಪಾಡಾದ ಮೇಲೆ, 2007ರಲ್ಲಿ ಆ ಬಾಗಿಲು ತೆರೆಯಿತು. ಹಣ್ಣುನೊಣದ ಕಾರಣದಿಂದ 2014ರಲ್ಲಿ ಯೂರೋಪು ನಮ್ಮ ಮಾವನ್ನು ತಡೆದು, 2015ರಲ್ಲಿ ಮತ್ತೆ ಒಪ್ಪಿತು. ಪೆಟ್ಟಿಗೆಯ ಮೂಲೆಯಲ್ಲಿ ಅಡಗಿಸಿ ಒಯ್ದ ಒಂದು ಓಟೆ ಪರದೇಶದ ತೋಟಗಳಿಗೆ ರೋಗ ತರಬಹುದು. ನಮ್ಮ ರೈತನ ಮಾರುಕಟ್ಟೆಗೂ ಕಲ್ಲು ಹಾಕಬಹುದು. ಆದುದರಿಂದ ಗಿಡ ಬೇಕೆನಿಸಿದವರು ಅಲ್ಲಿಯ ನರ್ಸರಿಯಲ್ಲಿಯೇ ಕೊಳ್ಳುವುದು ಧರ್ಮ.

ಹಣ್ಣಿಗಾದರೆ ಅಲ್ಲಿಯ ಭಾರತೀಯ ಅಂಗಡಿಗಳಿವೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮಾವಿನ ಪೆಟ್ಟಿಗೆಗಳು ವಿಮಾನದಲ್ಲಿ ಬಂದಿಳಿಯುತ್ತವೆ. ಬೆಲೆ ಕೇಳಿ ಹುಬ್ಬೇರಿಸಿದವರೂ ಒಂದು ಪೆಟ್ಟಿಗೆ ಕೊಳ್ಳದೆ ಹಿಂದಿರುಗರು. ಹಲಸಿನ ತೊಳೆ ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲಿ ದೊರೆಯುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಹಲಸಿನ ರಾಶಿಯ ಮುಂದೆ ನಿಂತು ಬೆಳೆದವರಿಗೆ ಅದು ಸಪ್ಪೆಯೆನಿಸಬಹುದು. ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ಅದೇ ಮೊದಲ ಪರಿಚಯ.

ಹಾಗಾದರೆ ಕುಂಡದಲ್ಲಿ ಮಾವನ್ನು ನೆಡುವುದೇ ವ್ಯರ್ಥವೆ? ಹಾಗೆಂದು ತೀರ್ಮಾನಿಸಬೇಕಾಗಿಲ್ಲ. ಬೆಚ್ಚನೆಯ ಕೋಣೆಯಲ್ಲಿ, ಬೆಳಕಿನ ಕಿಟಕಿಯ ಬಳಿ ಆ ಗಿಡ ವರ್ಷಗಟ್ಟಲೆ ಹಸುರಾಗಿರಬಲ್ಲುದು. ಹಣ್ಣನ್ನು ಕೇಳದೆ ಸಾಕಿದವರಿಗೆ ಅದು ಯುಗಾದಿಯ ಬೆಳಗ್ಗೆ ತೋರಣಕ್ಕೆ ಐದಾರು ಎಲೆಗಳನ್ನು ಕೊಡುತ್ತದೆ. ಹೊರಗೆ ಹಿಮ ಕರಗುತ್ತಿರುವಾಗ ಬಾಗಿಲಿಗೆ ಅಷ್ಟಾದರೂ ಹಸುರು ಕಟ್ಟಿದಂತಾಗುತ್ತದೆ.