ಮಕ್ಕಳ ಬಣ್ಣ ತಿದ್ದಬೇಡಿ



ಹೋದ ತಿಂಗಳು ಮೈಸೂರಿನಿಂದ ನಮ್ಮ ಅತ್ತಿಗೆ ಮಗಳ ಫೋಟೋ ಕಳಿಸಿ, "ಕತ್ತೆಲ್ಲಾ ಕಪ್ಪಗಾಗಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ, ನೋಡಪ್ಪ" ಎಂದರು. ನೋಡಿದರೆ ಬೆಣ್ಣೆಯಂಥ ಕತ್ತು! ಫೋನಿನ ಬ್ಯೂಟಿ ಫಿಲ್ಟರ್ ಎಲ್ಲವನ್ನೂ ಒರೆಸಿಹಾಕಿತ್ತು. ಅದನ್ನು ತೆಗೆಸಿ ಮತ್ತೊಂದು ಫೋಟೋ ತರಿಸಿದೆ. ಕತ್ತಿನ ಸುತ್ತ ಮಖಮಲ್ಲಿನಂಥ ಕಪ್ಪು ಪಟ್ಟಿ. ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ ಇರಬಹುದು. ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸಿ ಎಂದೆ.

ಹಿಂದೆ ಸ್ಟುಡಿಯೋದವರೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು, ನಿಜ. ಆದರೆ ಈಗ ಎಷ್ಟೋ ಫೋನುಗಳು ನಮ್ಮನ್ನು ಕೇಳದೆಯೇ ತಿದ್ದುತ್ತವೆ. 2017ರಲ್ಲಿ ಫೇಸ್‌ಆಪ್‌ನ "ಹಾಟ್" ಫಿಲ್ಟರ್, ಚೆಲುವಿನ ಹೆಸರಿನಲ್ಲಿ ಕಪ್ಪು ಮೈಯನ್ನು ಬಿಳಿ ಮಾಡಿತು. ತಯಾರಕರು ಕ್ಷಮೆ ಕೇಳಬೇಕಾಯಿತು. 2020ರಲ್ಲಿ ಇಲ್ಲೇ ಮೌಂಟನ್ ವ್ಯೂನ ಗೂಗಲ್, ತನ್ನ ಹೊಸ ಪಿಕ್ಸೆಲ್ ಫೋನುಗಳಲ್ಲಿ ಮುಖ ನಯಗೊಳಿಸುವ ಸೌಲಭ್ಯ ತಾನಾಗಿ ಚಾಲೂ ಇರಬಾರದೆಂದು ತೀರ್ಮಾನಿಸಿತು. ಕಂಪನಿಗೆ ಹೊಳೆದದ್ದು ತಂದೆತಾಯಿಗಳಾದ ನಮಗೆ ಹೊಳೆಯಬೇಡವೇ?

ನಾವು ಊರಿಗೆ ಕಳಿಸುವ ಹಬ್ಬದ ಫೋಟೋಗಳನ್ನೇ ನೋಡಿ. ಎಣ್ಣೆಗೆಂಪಿನ ಮಕ್ಕಳೆಲ್ಲ ಸುಣ್ಣ ಬಳಿದಂತೆ! ಗೋಕುಲಾಷ್ಟಮಿಯ ಕೃಷ್ಣನನ್ನೂ ಬಿಟ್ಟಿಲ್ಲ. ಆ ಹೆಸರಿನ ಅರ್ಥವೇ ಕಪ್ಪು ಎಂಬುದು ಮರೆತುಹೋಯಿತೇ?

ಕತ್ತಲೆಯಿದ್ದರೆ ಬೆಳಕು ಹೆಚ್ಚಿಸಿ, ಅಂಚು ಕತ್ತರಿಸಿ, ತಕರಾರಿಲ್ಲ. ಮಗುವಿನ ಬಣ್ಣ ಮಾತ್ರ ಮುಟ್ಟಬೇಡಿ. ತಿದ್ದಿದ ಮುಖವನ್ನೇ ನೋಡುತ್ತಾ ಬೆಳೆದ ಮಗು, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ. ಆ ನೋವಿಗೆ ನನ್ನ ಬಳಿ ಮಾತ್ರೆಯಿಲ್ಲ.

ವೈದ್ಯರಿಗೆ ಕಳಿಸುವ ಫೋಟೋವನ್ನಂತೂ ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆಯಿರಿ.

- ನಿಮ್ಮವನೇ ಒಬ್ಬ ಡಾಕ್ಟರ್